ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ, ಕಾರ್ಟಿಸಾಲ್ ಟೆಸ್ಟ್ ಮಾಡಿಸಬೇಕಾ?

ಪ್ರಶ್ನೆ: ಡಾಕ್ಟರ್ ಸಾಹೇಬ್ರೇ, ನಮಸ್ಕಾರ. ನನ್ನದು ಆಳಂದ ಹತ್ತಿರ ಒಂದು ಹಳ್ಳಿ, ವಯಸ್ಸು 46. ಈ ಸಲ ತೊಗರಿಗೆ ನೆಟೆ ರೋಗ ಬಿದ್ದು ಅರ್ಧ ಹೊಲ ನಿಂತಲ್ಲೇ ಒಣಗಿತು. ಅವತ್ತಿನಿಂದ ನಿದ್ದೆ ಇಲ್ಲ, ನಾಲ್ಕು ತಿಂಗಳಾಯಿತು. ಒಂಬತ್ತಕ್ಕೇ ಮಲಗುತ್ತೇನೆ, ಹನ್ನೊಂದರ ತನಕ ಹೊರಳಾಟ, ಹೇಗೋ ಕಣ್ಣು ಹತ್ತಿದರೆ ಮೂರಕ್ಕೆ ಎಚ್ಚರ. ಆಮೇಲೆ ಮೊಬೈಲ್‌ನಲ್ಲಿ ಟೈಮ್ ನೋಡೋದು, ಅಡತಿ ಅಂಗಡಿ ಸಾಲದ ಬಡ್ಡಿ ಲೆಕ್ಕ ಹಾಕೋದು, ಆರರವರೆಗೆ ಅದೇ. ಅಳಿಯ ‘ಮಾವ, ನಿಮಗೆ ಕಾರ್ಟಿಸಾಲ್ ಜಾಸ್ತಿ ಆಗಿದೆ, ರಕ್ತ ಟೆಸ್ಟ್ ಮಾಡಿಸಿ’ ಅನ್ನುತ್ತಾನೆ. ಮಾಡಿಸಲಾ? ಇಲ್ಲಾ ನಿದ್ದೆ ಗುಳಿಗೆ ಏನಾದರೂ ಹೇಳಿ.

ವೈದ್ಯರ ಉತ್ತರ: ಅಣ್ಣಾವ್ರೇ, ಟೆಸ್ಟ್ ಬೇಡ. ಅಳಿಯ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಆ ದುಡ್ಡು ದಂಡ.

ಕಾರ್ಟಿಸಾಲ್ ಅಂದರೆ ಒತ್ತಡದ ಹಾರ್ಮೋನ್. ಅದು ಬರೋದು ಕಿಡ್ನಿ ಮೇಲೆ ಟೋಪಿ ಇಟ್ಟ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ, ಹುಕುಂ ಬರೋದು ಮಿದುಳಿನಿಂದ. ಅದು ಇಡೀ ದಿನ ಒಂದೇ ಮಟ್ಟದಲ್ಲಿ ಇರಲ್ಲ. ನಡುರಾತ್ರಿ ಹೊತ್ತಿಗೆ ತಳ ಹಿಡಿದಿರುತ್ತದೆ, ಎರಡು ಮೂರರಿಂದ ಏರಲು ಶುರು, ಬೆಳಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಗೆ ತುದಿಗೆ ಹೋಗುತ್ತದೆ. ಇದು ಎಲ್ಲರಿಗೂ. ಮೂರರ ಹೊತ್ತಿಗೆ ನಿದ್ದೆಯೂ ತೆಳು, ನನಗೂ ಒಂದೊಂದು ರಾತ್ರಿ ಎಚ್ಚರ ಆಗುತ್ತೆ, ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇನೆ. ನಿಮಗೆ ಆ ಹೊತ್ತಿಗೆ ಅಡತಿ ಅಂಗಡಿ ನೆನಪಾಗುತ್ತದೆ, ಅಷ್ಟೇ ವ್ಯತ್ಯಾಸ. ಮಿದುಳು ಅದನ್ನು ಅಪಾಯ ಅಂದುಕೊಂಡು ಅದೇ ಗ್ರಂಥಿಯಿಂದ ಅಡ್ರಿನಲಿನ್ ಬಿಡಿಸುತ್ತದೆ, ಎದೆ ಡವಡವ ಅನ್ನುತ್ತೆ, ಕಣ್ಣು ಪೂರ್ತಿ ಬಿಡುತ್ತವೆ. ನಿದ್ದೆ ಕೆಟ್ಟರೆ ಮರುದಿನ ಸಂಜೆ ಇಳಿಯಬೇಕಾದ ಕಾರ್ಟಿಸಾಲ್ ಸರಿಯಾಗಿ ಇಳಿಯಲ್ಲ, ಆ ರಾತ್ರಿಯೂ ಕೆಡುತ್ತೆ. ಗಾಣದ ಎತ್ತಿನ ಥರ ಸುತ್ತೋದು ಹಿಂಗೆ. ಇದು ಬೆಳಗ್ಗೆ ಎಂಟಕ್ಕೆ ತೆಗೆದ ಒಂದು ಸಿರಿಂಜ್ ರಕ್ತದಲ್ಲಿ ಕಾಣಲ್ಲ. ಮುಖ ಗುಂಡಗೆ ಊದಿ, ಹೊಟ್ಟೆ ಮೇಲೆ ನೇರಳೆ ಗೆರೆ ಬಂದು, ಸುಮ್ನೆ ತಾಗಿದರೂ ಚರ್ಮ ಕಂದುತ್ತಿದ್ದರೆ ಮಾತು ಬೇರೆ, ಆಗ ಟೆಸ್ಟ್ ಬೇಕು.

ಗುಳಿಗೆ ಈಗಲೇ ಬೇಡ. ನಾನು ಹೇಳೋದು ಉಲ್ಟಾ ಅನ್ನಿಸಬಹುದು: ಹಾಸಿಗೆಯಲ್ಲಿ ಕಡಿಮೆ ಇರಿ. ನಾಲ್ಕೈದು ಗಂಟೆ ನಿದ್ದೆಗೆ ಒಂಬತ್ತು ಗಂಟೆ ಹಾಸಿಗೆ ಯಾಕೆ? ಹನ್ನೊಂದೂವರೆಗೆ ಮಲಗಿ, ಏನೇ ಆಗಲಿ ಐದಕ್ಕೆ ಏಳಿ, ಮಧ್ಯಾಹ್ನ ಮಲಗಬೇಡಿ. ನಿದ್ದೆ ಗಟ್ಟಿಯಾದ ಮೇಲೆ ಕಾಲು ಗಂಟೆಯಂತೆ ಮುಂಚೆ ಮಲಗೋದು. ಎಚ್ಚರ ಆಗಿ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕೂತುಕೊಳ್ಳಿ, ತೂಕಡಿಕೆ ಬಂದಾಗ ಮಾತ್ರ ವಾಪಸ್. ಮೊದಲ ವಾರ ಹಗಲು ಜೋಂಪು ಜಾಸ್ತಿ, ಟ್ರ್ಯಾಕ್ಟರ್ ಹತ್ತಬೇಡಿ. ಮೂರ್ಛೆ ರೋಗ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಲೇಬಾರದು. ಸಂಜೆ ಚಾ ಬಿಡಿ, ಆರಕ್ಕೆ ಕುಡಿದ ಚಾದ ಕೆಫೀನ್ ಹನ್ನೊಂದಕ್ಕೂ ಅರ್ಧದಷ್ಟು ಮೈಯಲ್ಲೇ ಇರುತ್ತೆ. ಬಡ್ಡಿ ಲೆಕ್ಕ ಸಂಜೆಯೇ ಚೀಟಿಯಲ್ಲಿ ಬರೆದು ಮುಗಿಸಿ.

ಇನ್ನೊಂದು, ನೇರ ಕೇಳುತ್ತೇನೆ. ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡ ಅನ್ನಿಸುತ್ತಾ? ಹಾಗಿದ್ದರೆ ಇದು ಬರೀ ನಿದ್ದೆ ವಿಷಯ ಅಲ್ಲ. ಇವತ್ತೇ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನೊಬ್ಬ ಸದಸ್ಯೆ: ಸರ್, ಬೀದರ್‌ನಿಂದ. ಕೀಲುನೋವಿಗೆ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಗುಳಿಗೆ ರಾತ್ರಿ ಊಟ ಆದಮೇಲೆ ತಗೊಳ್ತೀನಿ. ನನ್ನ ನಿದ್ದೆನೂ ಹೋಗಿದೆ.

ವೈದ್ಯರು: ಅಕ್ಕಾ, ಅದು ಕಾರ್ಟಿಸಾಲ್‌ನ ಅಣ್ಣತಮ್ಮನೇ. ರಾತ್ರಿ ತಗೊಂಡರೆ ಮಲಗೋ ಹೊತ್ತಿಗೆ ಮೈಗೆ ಬೆಳಗಾಯಿತು ಅಂದ ಹಾಗೆ. ಸಾಮಾನ್ಯವಾಗಿ ಬೆಳಗ್ಗೆ ತಿಂಡಿ ಆದಮೇಲೆ ಕೊಡುತ್ತೇವೆ. ಬರೆದುಕೊಟ್ಟವರನ್ನೇ ಕೇಳಿ ಹೊತ್ತು ಬದಲಿಸಿ, ತಟ್ಟನೆ ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು: ಸಾಹೇಬ್ರೇ, ಆ ಥರ ವಿಚಾರ ಇಲ್ಲ, ಊಟ ಸೇರುತ್ತೆ. ಆದರೆ ಧಗೆಗೆ ಮಾಳಿಗೆ ಮೇಲೆ ಮಲಗುತ್ತೇವೆ, ಮೂರಕ್ಕೆ ಎದ್ದು ಎಲ್ಲಿ ಹೋಗಲಿ? ಕೆಳಗಿಳಿದರೆ ಮನೆ ಮಂದಿಯೆಲ್ಲಾ ಏಳ್ತಾರೆ.

ವೈದ್ಯರು: ಮಾಳಿಗೆ ಮೂಲೆಯಲ್ಲೇ ಒಂದು ಕುರ್ಚಿ ಹಾಕಿಕೊಳ್ಳಿ, ಸಾಕು. ಮೊಬೈಲ್ ಮಾತ್ರ ಕೆಳಗೇ ಇಟ್ಟು ಬನ್ನಿ, ಐದಕ್ಕೆ ಏಳೋಕೆ ಹಳೇ ಅಲಾರಂ ಗಡಿಯಾರ ಇಟ್ಟುಕೊಳ್ಳಿ, ಅದರ ಮುಖ ಗೋಡೆ ಕಡೆ ತಿರುಗಿಸಿ. ಎರಡು ವಾರ ಬಿಟ್ಟು ಇಲ್ಲೇ ಬರೆಯಿರಿ.