ಕಿವಿಯೊಳಗೆ ನೀರು, ಮೂಗಿಗೆ ಸ್ಪ್ರೇ: ಭಾನುವಾರದ ಪ್ರಶ್ನೋತ್ತರ

ನಮ್ಮ ಗುಂಪಿನಲ್ಲಿ ಈ ವಾರ ಹುಬ್ಬಳ್ಳಿಯ ಕಿವಿ-ಮೂಗು-ಗಂಟಲು ಡಾಕ್ಟರು ಉತ್ತರ ಕೊಡುತ್ತಾರೆ.

ನವಲೂರು ಅಕ್ಕ: ಸರ್, ಮಗನಿಗೆ 5 ವರ್ಷ. ಕರೆದರೆ ಓ ಅನ್ನುವುದಿಲ್ಲ, ಟಿವಿ ಸೌಂಡ್ ಜಾಸ್ತಿ ಇಡುತ್ತಾನೆ. ಕಿವಿ ಪರದೆಯ ಹಿಂದೆ ನೀರು ನಿಂತಿದೆಯಂತೆ. ಅದಕ್ಕೆ ಮೂಗಿನ ಸ್ಪ್ರೇ ಯಾಕೆ ಕೊಟ್ಟರು?

ಡಾಕ್ಟರು: ಮೂಗಿನ ಹಿಂಬದಿಯಿಂದ ಕಿವಿಯೊಳಗೆ ಸಣ್ಣ ನಳಿಗೆ ಇದೆ, ಯುಸ್ಟೇಷಿಯನ್ ಟ್ಯೂಬ್. ನುಂಗಿದಾಗ, ಆಕಳಿಸಿದಾಗ ತೆರೆದು ಗಾಳಿ ಬಿಡುತ್ತದೆ. ನೆಗಡಿಗೆ ಅದು ಊದಿ ಮುಚ್ಚಿಕೊಂಡರೆ ಒಳಗೆ ನೀರು ಸೇರುತ್ತದೆ. ಮಕ್ಕಳದು ಗಿಡ್ಡ ನಳಿಗೆ, ಇಳಿಜಾರೂ ಕಡಿಮೆ. ಸ್ಪ್ರೇಯಿಂದ ಅಲರ್ಜಿ ಮೂಗಿಗೆ ಅನುಕೂಲ ಇದೆ. ಕಿವಿಯ ನೀರಿಗೆ ಇಲ್ಲ. ಬ್ರಿಟನ್ನಿನಲ್ಲಿ 4ರಿಂದ 11 ವರ್ಷದ ಮಕ್ಕಳಿಗೆ ಮೊಮೆಟಾಸೋನ್ ಅನ್ನುವ ಸ್ಟೀರಾಯ್ಡ್ ಸ್ಪ್ರೇ ಕೊಟ್ಟು ನೋಡಿದರು. 2009ರಲ್ಲಿ ಫಲಿತಾಂಶ ಬಂತು: ಔಷಧಿಯೇ ಇಲ್ಲದ ಸ್ಪ್ರೇಗಿಂತ ಹೆಚ್ಚೇನೂ ಆಗಲಿಲ್ಲ. ಬಹಳ ಮಕ್ಕಳಿಗೆ ತಾನಾಗಿಯೇ ಇಳಿಯುತ್ತದೆ. 3 ತಿಂಗಳು ನೋಡಿ, ಆಮೇಲೆ ಕಿವಿ ಟೆಸ್ಟ್ ಮಾಡಿಸಿ. ಅಲ್ಲಿವರೆಗೆ ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಲು ಹೇಳಿ.

ಗದಗ ಮಾಮಾ: ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಕಿವಿಗೆ 2 ಹನಿ, ಮೂಗಿಗೆ 2 ಹನಿ. 21 ದಿನ. ಆಪರೇಷನ್ ತಪ್ಪುತ್ತದೆ. ಎಲ್ಲರಿಗೂ ಕಳಿಸಿ 🙏

ಡಾಕ್ಟರು: ಎಣ್ಣೆ ಪರದೆ ದಾಟುವುದಿಲ್ಲ. ದಾಟಿತು ಅಂದರೆ ಪರದೆ ತೂತಾಗಿದೆ ಅಂತ, ಆಗ ಕಿವಿ ಸೋರುತ್ತದೆ. ಬಿಸಿ ಎಣ್ಣೆಗೆ ಕಿವಿ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಕಳಿಸಬೇಡಿ.

ಬ್ಯಾಡಗಿ ದಲಾಲಿ: ಸಾಹೇಬ್ರೆ, ನನಗೆ 54. ಮೆಣಸಿನಕಾಯಿ ವ್ಯಾಪಾರ. ಎಡಗಿವಿ ಮಾತ್ರ 2 ತಿಂಗಳಿಂದ ಕಟ್ಟಿದೆ, ಗುಂಯ್ ಅನ್ನುತ್ತದೆ. ನೆಗಡಿ ಇಲ್ಲ. ಮೆಡಿಕಲ್ ಶಾಪಿನಲ್ಲಿ ಮೂಗು ಬಿಡಿಸುವ ಹನಿ ಕೊಟ್ಟರು, ದಿನಾ ಹಾಕುತ್ತಿದ್ದೇನೆ. ಘಾಟಿಗೆ ಹೀಗಾಗಿದೆ, ಅಲ್ವಾ?

ಡಾಕ್ಟರು: ಮೊದಲು ಆ ಹನಿ ಬಿಡಿ. ಕ್ಸೈಲೋಮೆಟಾಜೋಲಿನ್ ಇರಬೇಕು. ಒಂದು ವಾರಕ್ಕಿಂತ ಜಾಸ್ತಿ ಹಾಕಿದರೆ ಅದೇ ಮೂಗು ಕಟ್ಟಿಸುತ್ತದೆ.
ಘಾಟು ಎರಡೂ ಹೊಳ್ಳೆಗೆ ಹೋಗುತ್ತದೆ ಸಾವ್ಕಾರ್ರೆ, ಒಂದೇ ಕಿವಿ ಯಾಕೆ ಕಟ್ಟಬೇಕು? ಈಗಲೇ ಬಾಯಿ ಮುಚ್ಚಿ ‘ಮ್‌ಮ್’ ಅಂತ ಗುನುಗಿ ನೋಡಿ. ಯಾವ ಕಡೆ ಜೋರು? ಬಲಗಡೆ ಅಂದರೆ ನರದ ತೊಂದರೆ ಇರಬಹುದು. ಎಡಗಡೆ ಅಂದರೆ ನೀರೋ, ಗುಗ್ಗೆಯೋ. ದೊಡ್ಡವರಿಗೆ ನೆಗಡಿ ಇಲ್ಲದೆ ಒಂದೇ ಕಿವಿಯಲ್ಲಿ ನೀರು ತುಂಬಿದರೆ, ನಳಿಗೆಯ ಬಾಯಿಯ ಹತ್ತಿರ ಗಡ್ಡೆ ಇದೆಯೇನೋ ಅಂತ ಮೂಗಿನೊಳಗೆ ಕ್ಯಾಮೆರಾ ಹಾಕಿ ನೋಡಲೇಬೇಕು. ಹೆಚ್ಚಿನವರಿಗೆ ಏನೂ ಇರುವುದಿಲ್ಲ. ನೋಡದೆ ಹಾಗನ್ನಲು ನನಗೆ ಧೈರ್ಯ ಇಲ್ಲ. ಬೆಳಿಗ್ಗೆ ಕಫದಲ್ಲಿ ರಕ್ತ ಕಾಣುತ್ತದಾ? ಕುತ್ತಿಗೆಯಲ್ಲಿ ಗಂಟು?

ರೋಣ ತಮ್ಮ: ಕಿವಿ ಕಟ್ಟಿದೆ, ಬುಧವಾರ ಹುಬ್ಬಳ್ಳಿಯಿಂದ ವಿಮಾನ ಇದೆ. ಹೋಗಬಹುದಾ ಸರ್?

ಹಾವೇರಿ ಅತ್ತಿಗೆ: ಸ್ಪ್ರೇ ಹೊಡೆದರೆ ಗಂಟಲಿಗೆ ಇಳಿದು ಕಹಿ ಆಗುತ್ತದೆ ಸರ್.

ಡಾಕ್ಟರು: ತಲೆ ಎತ್ತಬೇಡಿ, ತುಸು ಬಗ್ಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಮೂತಿ ಕಿವಿಯ ಕಡೆಗಿರಲಿ, ನಡುಗೋಡೆಗೆ ಬೇಡ. ಸೊರ್ ಅಂತ ಎಳೆಯಬೇಡಿ.

ಗದಗ ಮಾಮಾ: ನಮ್ಮ ಅಜ್ಜಿ 90 ವರ್ಷ ಎಣ್ಣೆ ಹಾಕಿಕೊಂಡೇ ಬದುಕಿದಳು. ಆಗ ಯಾವ ಕ್ಯಾಮೆರಾ ಇತ್ತು? ಎಲ್ಲಾ ದುಡ್ಡಿನ ಆಟ.

ನವಲೂರು ಅಕ್ಕ: ಮಾಮಾ, ನಿಮ್ಮ ಎಣ್ಣೆ ನಿಮ್ಮ ಕಿವಿಗೇ ಇರಲಿ. ಇಲ್ಲಿ ಮಕ್ಕಳ ವಿಷಯ.

ಗದಗ ಮಾಮಾ: ನಾನು ನಿಮ್ಮನ್ನು ಕೇಳಲಿಲ್ಲವಲ್ಲ. ಮೊಬೈಲ್ ಕಸಿದುಕೊಳ್ಳಿ, ಮಗನಿಗೆ ತಾನೇ ಕೇಳಿಸುತ್ತದೆ.

ನವಲೂರು ಅಕ್ಕ: ಅಡ್ಮಿನ್ ಎಲ್ಲಿದ್ದೀರಿ?

ಕುಂದಗೋಳ: ಮಗಳಿಗೆ 6. ಕಿವಿಯಲ್ಲಿ ನೀರು. ಯಾವ ಸ್ಪ್ರೇ ಹಾಕಬೇಕು?

ಡಾಕ್ಟರು: ಮೇಲೆ ಓದಿ.

ಬ್ಯಾಡಗಿ ದಲಾಲಿ: ಗುನುಗಿದೆ, ಎಡಗಡೆಯೇ ಜೋರು. ರಕ್ತ ಇಲ್ಲ. ಗಂಟು ಅಂದರೆ, ಕಿವಿ ಕೆಳಗೆ ಹುಣಸೆಬೀಜದಷ್ಟು ಇದೆ. ಗಡ್ಡ ಮಾಡುವಾಗ ಬ್ಲೇಡಿಗೆ ತಾಗುತ್ತದೆ. ನೋವಿಲ್ಲ. ಈಗ ಸೀಜನ್ನು, ಯುಗಾದಿ ಮುಗಿಸಿ ಬರಲಾ?

ಡಾಕ್ಟರು: ಬೇಡ. ನಾಳೆ ಬೆಳಿಗ್ಗೆ ಬನ್ನಿ. ನಾನೇ ಆಗಬೇಕಂತಿಲ್ಲ, ಹಾವೇರಿಯಲ್ಲಿ ಕ್ಯಾಮೆರಾ ಇರುವವರ ಹತ್ತಿರವೂ ಆಗುತ್ತದೆ. ಗಂಟಿನ ವಿಷಯ ಮೊದಲು ಹೇಳಿ. ಜೊತೆಗೆ ಮಗನನ್ನು ಕರೆದುಕೊಂಡು ಹೋಗಿ.

ಗದಗ ಮಾಮಾ: ಗಂಟಿಗೆ ಸುಣ್ಣ, ಬೆಲ್ಲ

ಡಾಕ್ಟರು: ಮಾಮಾ, ಸಾಕು.

ಬ್ಯಾಡಗಿ ದಲಾಲಿ: ನಾಳೆ ಎರಡು ಲಾರಿ ಲೋಡ್ ಇದೆ. ನೋಡುತ್ತೇನೆ.

ಡಾಕ್ಟರು: ಲಾರಿ ಮಗ ನೋಡಲಿ, ತಮ್ಮ ನೋಡಲಿ. ನಿಮ್ಮ ನಂಬರಿಗೆ ಫೋನ್ ಮಾಡುತ್ತಿದ್ದೇನೆ, ಎತ್ತಿ.

ಕುಂದಗೋಳ: ಓದಿದೆ ಸರ್. ಸ್ಪ್ರೇ ಹೆಸರು ಮಾತ್ರ ಹೇಳಿ.