80ಡಿಯಿಂದ ಆರ್6 ಮಾರ್ಕ್ 2ಕ್ಕೆ ಬಂದೆ, ಹಳೆಯ ಲೆನ್ಸ್‌ಗಳನ್ನೆಲ್ಲ ಕೊಟ್ಟುಬಿಡಬೇಕಾ?

ಪ್ರಶ್ನೆ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಮದುವೆ, ಸೀಮಂತ, ಗೃಹಪ್ರವೇಶದ ಫೋಟೊ ತೆಗೆಯುವುದು ನನ್ನ ಕೆಲಸ. ಬಿಡುವಿದ್ದಾಗ ಬಾದಾಮಿ, ಐಹೊಳೆ. ಆಲಮಟ್ಟಿ ಹಿನ್ನೀರಿಗೆ ಫ್ಲೆಮಿಂಗೊ ಬಂದಿವೆ ಅಂತ ಗೊತ್ತಾದರೆ ಅಲ್ಲಿಗೂ ಹೋಗುತ್ತೇನೆ.

ಇಷ್ಟು ದಿನ ಕ್ಯಾನನ್ 80ಡಿ ಇತ್ತು. ಈಗ ಆರ್6 ಮಾರ್ಕ್ 2 ತೊಗೊಂಡಿದ್ದೇನೆ, ಬಾಡಿ ಮಾತ್ರ. ಜೊತೆಗೆ ಹಳೆಯ ಲೆನ್ಸ್ ಕೂರಿಸಲು ಬೇರೆ ಕಂಪನಿಯ ಒಂದು ಅಡಾಪ್ಟರ್. ಲೆನ್ಸ್‌ಗಳು ಹಳೆಯವೇ: ಇಎಫ್ 24-105 ಎಫ್/4 ಎಲ್ (ಮೊದಲು ಬಂದದ್ದು), ಇಎಫ್ 50 ಎಫ್/1.8 ಮಾರ್ಕ್ 2, ಇಎಫ್-ಎಸ್ 10-18, ಇನ್ನೊಂದು ಬೇರೆ ಕಂಪನಿಯ 70-300.

ತೊಂದರೆ ಹೀಗಿವೆ. 70-300ರಲ್ಲಿ ತೆಗೆದ ಫೋಟೊದಲ್ಲಿ ಆಕಾಶ ಬಂದರೆ ಬಳೆ ಬಳೆಯಾಗಿ ಬಣ್ಣ ಕಾಣುತ್ತದೆ. ಹಕ್ಕಿಗಳು ಮೊದಲಿಗಿಂತ ಚಿಕ್ಕದಾಗಿ ಬರುತ್ತಿವೆ. 10-18 ಹಾಕಿದರೆ ಫೋಟೊ ಸೈಜೇ ಇಳಿದುಬಿಡುತ್ತದೆ. ಬರ್ಸ್ಟ್ (ಬಟನ್ ಒತ್ತಿ ಹಿಡಿದು ಸಾಲಾಗಿ ಫೋಟೊ ತೆಗೆಯುವುದು) ಹೇಳಿದಷ್ಟು ಜೋರಾಗಿ ಹೋಗುತ್ತಿಲ್ಲ. ಮತ್ತೆ ಒಮ್ಮೊಮ್ಮೆ, ಯಾವ ಲೆನ್ಸ್ ಇದ್ದರೂ, ಎರರ್ 01 ಬಂದು ಕ್ಯಾಮೆರಾ ನಿಂತುಬಿಡುತ್ತದೆ. ಅಕ್ಷತೆ ಬೀಳುವ ಹೊತ್ತಿಗೆ ಹಾಗಾದರೆ ಏನು ಗತಿ?

ಅಂಗಡಿಯವರು ಎಲ್ಲಾ ಕೊಟ್ಟು ಆರ್‌ಎಫ್, ಅಂದರೆ ಈ ಹೊಸ ಬಾಡಿಗೆಂದೇ ಮಾಡಿದ ಲೆನ್ಸ್, ತೊಗೊಳ್ಳಿ ಅನ್ನುತ್ತಾರೆ. ಹಾಗೆ ಮಾಡಿದರೆ ಕ್ಯಾಮೆರಾಕ್ಕೆ ಕೊಟ್ಟದ್ದಕ್ಕಿಂತ ಜಾಸ್ತಿ ದುಡ್ಡು ಲೆನ್ಸಿಗೇ ಹೋಗುತ್ತದೆ. ತಿಳಿದವರು ಹೇಳಿ.

ಉತ್ತರ (ವಿಜಯಪುರ)

ಸರ್, ಸದ್ಯಕ್ಕೆ ಒಂದನ್ನೂ ಕೊಡಬೇಡಿ. ನೀವು ಬರೆದದ್ದರಲ್ಲಿ ನಿಜವಾಗಿ ಲೆನ್ಸ್ ಬದಲಿಸಬೇಕಾದ ಮಾತು ಒಂದೇ ಒಂದು ಕಾಣುತ್ತದೆ. ಅದು ಹಕ್ಕಿಯದು. ಉಳಿದವು ಸೆಟ್ಟಿಂಗ್, ಬ್ಯಾಟರಿ, ಧೂಳು.

ಅಡಾಪ್ಟರ್ ಹಾಕಿದರೆ ಕ್ವಾಲಿಟಿ ಹೋಗುತ್ತದೆ ಅನ್ನುವ ಹೆದರಿಕೆ ಮೊದಲು ಬಿಡಿ. ಇಎಫ್ ಲೆನ್ಸ್ ಕೂರುವ ಜಾಗಕ್ಕೂ ಸೆನ್ಸರ್‌ಗೂ ನಡುವೆ 44 ಎಂಎಂ ಇರಬೇಕು. ನಿಮ್ಮ ಹೊಸ ಬಾಡಿಯಂಥ ಮಿರರ್‌ಲೆಸ್‌ನಲ್ಲಿ ಕನ್ನಡಿಗೆ ಜಾಗ ಬೇಡ, ಹಾಗಾಗಿ ಆರ್‌ಎಫ್‌ನಲ್ಲಿ ಆ ದೂರ 20 ಎಂಎಂ. ಉಳಿದ 24 ಎಂಎಂ ತುಂಬುವ ಕೊಳವೆಯೇ ಸಾದಾ ಅಡಾಪ್ಟರ್. ಒಳಗೆ ಗಾಜೇ ಇಲ್ಲ. ಫೋಟೊ ಕೆಡಿಸಲು ಅದರಲ್ಲಿ ಏನೂ ಇಲ್ಲ. ಆದರೆ ಕಾಂಟ್ಯಾಕ್ಟ್‌ಗಳು ಒಂದರ ಬದಲು ಎರಡು ಕಡೆ ಕೂಡಬೇಕು. ನಿಮ್ಮ ಎರರ್ 01 ಅಲ್ಲಿಂದಲೇ ಬರುತ್ತಿರಬಹುದು. ಆ ಸಂದೇಶದ ಅರ್ಥ ಲೆನ್ಸಿಗೂ ಕ್ಯಾಮೆರಾಕ್ಕೂ ಮಾತುಕತೆ ತಪ್ಪಿದೆ ಅಂತ. ಎಲ್ಲ ಲೆನ್ಸಿನಲ್ಲೂ ಬರುತ್ತದೆ ಅಂದಿರಿ. ನಾಲ್ಕು ಲೆನ್ಸ್ ಒಟ್ಟಿಗೆ ಕೆಡುವುದಿಲ್ಲ, ಎಲ್ಲದರ ನಡುವೆ ಇರುವುದು ಒಂದೇ ಅಡಾಪ್ಟರ್, ಅಲ್ವಾ?

ಕ್ಯಾಮೆರಾ ಆಫ್ ಮಾಡಿ, ಅಡಾಪ್ಟರ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ನಮ್ಮ ಕಡೆ ಎರೆಮಣ್ಣಿನ ಧೂಳು ಎಲ್ಲಿ ಬೇಕಾದರೂ ಹೊಗುತ್ತದೆ. ಜಾತ್ರೆ ಶೂಟ್ ಮಾಡಿದ್ದರೆ ಭಂಡಾರವೂ ಇರುತ್ತದೆ. ನನ್ನ ಅಡಾಪ್ಟರ್‌ನ ಬಂಗಾರದ ಬಣ್ಣದ ಪಿನ್‌ಗಳ ಬುಡದಲ್ಲಿ ಸಣ್ಣಗೆ ಅರಿಶಿನದ ಗೆರೆ ಕೂತಿತ್ತು, ಟಾರ್ಚ್ ಬಿಡುವ ತನಕ ಕಾಣಲೇ ಇಲ್ಲ. ಮೊದಲು ಬ್ಲೋವರ್‌ನಿಂದ ಊದಿ, ಬಾಯಿಂದ ಬೇಡ. ಆಮೇಲೆ ಒಣಗಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಉಜ್ಜುಕಾಗದ, ಬ್ಲೇಡು ಮುಟ್ಟಿಸಲೇಬೇಡಿ, ಪಿನ್ನಿನ ಮೇಲಿನ ಲೇಪ ಹೋದರೆ ಮುಗಿಯಿತು. ಒರೆಸಿದ ಮೇಲೂ ಎರರ್ ಬಂದರೆ, ಲೆನ್ಸನ್ನು ಕೈಯಲ್ಲಿ ಹಿಡಿದು ಸ್ವಲ್ಪ ಅಲುಗಿಸಿ. ಅಡಾಪ್ಟರ್ ಸಡಿಲ ಇದ್ದರೆ ಅದನ್ನು ಬದಲಿಸಿ. ಲೆನ್ಸಿನ ಮುಂದೆ ಅದೇನು ದೊಡ್ಡ ಖರ್ಚಲ್ಲ.

ಬಳೆ ಬಳೆ ಬಣ್ಣದ ವಿಷಯ. ಹಳೆಯ ಬೇರೆ ಕಂಪನಿ ಲೆನ್ಸ್‌ಗಳು ಎಷ್ಟೋ ಸಲ ಕ್ಯಾನನ್ನಿನ ಯಾವುದೋ ಲೆನ್ಸಿನ ಗುರುತು ಹೇಳಿಕೊಂಡು ಕ್ಯಾಮೆರಾದ ಜೊತೆ ಮಾತಾಡುತ್ತವೆ. 80ಡಿಯಂಥ ಕನ್ನಡಿ ಇರುವ ಡಿಎಸ್ಎಲ್ಆರ್ ಕಾಲದಲ್ಲಿ ಅದು ಹೇಗೋ ನಡೆಯಿತು. ಈಗಿನ ಬಾಡಿ ಆ ಗುರುತು ನಂಬಿ, ಆ ಇನ್ನೊಂದು ಲೆನ್ಸಿಗೆ ಬೇಕಾದ ತಿದ್ದುಪಡಿಯನ್ನು ನಿಮ್ಮ ಫೋಟೊಕ್ಕೆ ಹಚ್ಚುತ್ತದೆ. ಅಂಚು ಎಷ್ಟು ಬೆಳಗಿಸಬೇಕು ಅನ್ನುವ ಲೆಕ್ಕ ತಪ್ಪಿ ಬಳೆ ಮೂಡುತ್ತದೆ. ಮೆನುವಿನಲ್ಲಿ ಲೆನ್ಸ್ ಅಬೆರೇಶನ್ ಕರೆಕ್ಷನ್ ಅಂತ ಇದೆ. ಅದರೊಳಗಿನ ಎಲ್ಲವನ್ನೂ ಆಫ್ ಮಾಡಿ, ಬರೀ ಆಕಾಶದ ಫೋಟೊ ಒಂದು ತೆಗೆದು ನೋಡಿ. 24-105 ಹಾಕಿದಾಗ ಮತ್ತೆ ಆನ್ ಮಾಡಿಕೊಳ್ಳಿ.

ಬರ್ಸ್ಟ್ ಬಗ್ಗೆ ಒಂದು ಕೇಳುತ್ತೇನೆ. 80ಡಿಯ ಬ್ಯಾಟರಿಯನ್ನೇ ಇದಕ್ಕೂ ಹಾಕುತ್ತಿದ್ದೀರಾ? ಆರ್6 ಮಾರ್ಕ್ 2 ಜೊತೆ ಬರುವುದು ಎಲ್‌ಪಿ-ಇ6ಎನ್ಎಚ್. ಹಳೆಯ ಎಲ್‌ಪಿ-ಇ6, ಇ6ಎನ್ ಕೂಡ ಕೂರುತ್ತವೆ, ಕ್ಯಾಮೆರಾ ನಡೆಯುತ್ತದೆ, ಆದರೆ ಪೂರ್ತಿ ವೇಗ ಸಿಗುವುದಿಲ್ಲ. ಲೈಟುಗಳ ಮಿಣುಕು ಫೋಟೊದಲ್ಲಿ ಬರದಂತೆ ತಡೆಯುವ ಆ್ಯಂಟಿ-ಫ್ಲಿಕರ್ ಆನ್ ಇದ್ದರೂ ವೇಗ ಇಳಿಯುತ್ತದೆ. ಕೆಲವು ಹಳೆಯ ಲೆನ್ಸ್‌ಗಳಿಂದಲೂ ಇಳಿಯುತ್ತದೆ, ನಿಜ. ಆದರೆ ಮೊದಲು ಈ ಎರಡನ್ನು ನೋಡಿ.

10-18ಕ್ಕೆ ಏನೂ ಆಗಿಲ್ಲ. ಅದು 80ಡಿಯ ಚಿಕ್ಕ ಸೆನ್ಸರ್‌ಗೆ ಮಾಡಿದ ಲೆನ್ಸ್. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಬಾಡಿ, ಅಂದರೆ ನಿಮ್ಮ ಆರ್6 ಮಾರ್ಕ್ 2, ಅದನ್ನು ಗುರುತಿಸಿ ತಾನಾಗಿಯೇ ನಡುವಿನ ಭಾಗ ಮಾತ್ರ ಬಳಸುತ್ತದೆ. 24 ಮೆಗಾಪಿಕ್ಸೆಲ್ ಹೋಗಿ ಒಂಬತ್ತು ಚಿಲ್ಲರೆ ಉಳಿಯುತ್ತದೆ. ಹಾಗಂತ ಮಾರಬೇಡಿ. ಅದನ್ನು 80ಡಿಗೇ ಹಾಕಿಟ್ಟುಬಿಡಿ. ಗೋಳಗುಮ್ಮಟದ ಒಳಗೆ ನಿಂತು ಮೇಲಕ್ಕೆ ನೋಡುವಾಗ, ಮದುವೆ ಮಂಟಪ ಪೂರ್ತಿ ಹಿಡಿಯುವಾಗ ಎರಡನೇ ಬಾಡಿ ಹೆಗಲಲ್ಲಿರುತ್ತದೆ. ಅಂಗಡಿಯವರು ಹೇಳದ ಇನ್ನೊಂದು ಮಾತು ಇದೆ: ಇಎಫ್ ಲೆನ್ಸ್ ಎರಡೂ ಬಾಡಿಗೆ ಕೂರುತ್ತದೆ, ಆರ್‌ಎಫ್ ಲೆನ್ಸ್ 80ಡಿಗೆ ಎಂದೂ ಕೂರುವುದಿಲ್ಲ. ಮದುವೆಯಲ್ಲಿ ಒಂದು ಬಾಡಿ ಕೈಕೊಟ್ಟರೆ ಆವಾಗ ಇದರ ಬೆಲೆ ತಿಳಿಯುತ್ತದೆ.

ಈಗ ಹಕ್ಕಿ. ಚಿಕ್ಕದಾಗಿ ಬರುತ್ತಿರುವುದಕ್ಕೆ ಕಾರಣ ಸೆನ್ಸರ್. 80ಡಿಯಲ್ಲಿ 300 ಎಂಎಂ ಹಾಕಿದರೆ ಫುಲ್ ಫ್ರೇಮ್‌ನ 480ಕ್ಕೆ ಸಮನಾದ ನೋಟ ಸಿಗುತ್ತಿತ್ತು. ಈಗ 300 ಅಂದರೆ 300ಯೇ. ಇಲ್ಲೇ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಆರ್‌ಎಫ್ 100-400 ಕೊಂಡರೂ ನಿಮ್ಮ ಹಳೆಯ 480ರಷ್ಟು ಹತ್ತಿರ ಬರುವುದಿಲ್ಲ! ಹಾಗಾದರೆ ಕೊಳ್ಳುವುದು ಯಾಕೆ ಅಂದರೆ ಫೋಕಸ್‌ಗಾಗಿ. ಹಾರುವ ಹಕ್ಕಿಯ ಕಣ್ಣನ್ನು ಹುಡುಕಿ ಬೆನ್ನು ಹತ್ತುವ ಕೆಲಸ ಬಾಡಿ ಮಾಡುತ್ತದೆ, ಆದರೆ ಹಳೆಯ ಲೆನ್ಸಿನ ಮೋಟಾರು ಆ ಓಟಕ್ಕೆ ಸರಿಯಾಗಿ ಓಡಬೇಕಲ್ಲ. 100-400 ಬರೀ 635 ಗ್ರಾಂ, ಹಿನ್ನೀರಿನ ಕೆಸರಲ್ಲಿ ಹೊತ್ತು ನಡೆಯಲು ಸುಖ. 400 ಎಂಎಂನಲ್ಲಿ ಅದು ಎಫ್/8. ಬೆಳಗಿನ ಮಬ್ಬಿನಲ್ಲಿ ಐಎಸ್ಒ ಏರಿಸಬೇಕಾಗುತ್ತದೆ, ಬಿಸಿಲು ಬಂದ ಮೇಲೆ ಚಿಂತೆ ಇಲ್ಲ. ದೂರ ಕೂತ ಹಕ್ಕಿಗೆ ಮಾತ್ರ 80ಡಿ ಮತ್ತು 70-300 ಇನ್ನೂ ಒಳ್ಳೆಯ ಜೋಡಿ.

50 ಬಗ್ಗೆ ನೀವು ಏನೂ ಬರೆದಿಲ್ಲ, ನಾನೇ ಹೇಳುತ್ತೇನೆ. ಡಿಎಸ್ಎಲ್ಆರ್‌ನಲ್ಲಿ ಫೋಕಸ್ ಅಳೆಯುವ ಜಾಗ ಬೇರೆ, ಫೋಟೊ ಬೀಳುವ ಜಾಗ ಬೇರೆ. ಎರಡರ ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿಯಾದರೆ ಎಫ್/1.8ರಲ್ಲಿ ಕಣ್ಣಿನ ಬದಲು ಕಿವಿ ಚೂಪಾಗುತ್ತದೆ. ಈಗ ಸೆನ್ಸರೇ ಅಳೆಯುತ್ತದೆ, ಆ ತಾಪತ್ರಯ ಇಲ್ಲ. ಜೊತೆಗೆ ಕೈ ನಡುಗಿದರೂ ಫೋಟೊ ಮಸುಕಾಗದಂತೆ ತಡೆಯುವ ಸ್ಟೆಬಿಲೈಸೇಶನ್ (ಲೆನ್ಸಿನಲ್ಲಿದ್ದರೆ ಐಎಸ್ ಅನ್ನುತ್ತಾರೆ) ಬಾಡಿಯೊಳಗೇ ಇದೆ, 50ರಲ್ಲಿ ಅದು ಇರಲೇ ಇಲ್ಲ. ಬಾದಾಮಿಯ ಒಂದನೇ ಗುಹೆಯ ಹದಿನೆಂಟು ಕೈಗಳ ನಟರಾಜ ಇದ್ದಾನಲ್ಲ, ಸಂಜೆ ನೆರಳಿನಲ್ಲಿ ಅವನನ್ನು ಕೈಯಲ್ಲೇ ಹಿಡಿದು ತೆಗೆಯಬಹುದು. ಅಲ್ಲಿ ಟ್ರೈಪಾಡ್‌ಗೆ ಅನುಮತಿ ಬೇರೆ ಬೇಕು. ವಿಡಿಯೊ ಜಾಸ್ತಿ ಮಾಡುವವರಾದರೆ ಮಾತ್ರ ಯೋಚಿಸಿ, ಈ ಲೆನ್ಸಿನ ಮೋಟಾರಿನ ಸದ್ದು ಕ್ಯಾಮೆರಾ ಮೈಕಿಗೆ ಬೀಳುತ್ತದೆ. ಆಗ 2015ರಲ್ಲಿ ಬಂದ 50 ಎಸ್‌ಟಿಎಂ ಹಳೆಯದು ಸಿಕ್ಕರೂ ಸಾಕು.

ಕೊನೆಗೆ ಒಂದು ಪರೀಕ್ಷೆ. ಮನೆಯಲ್ಲಿ ಇಳಕಲ್ ಸೀರೆ ಇದ್ದೇ ಇರುತ್ತದೆ. ಟೋಪ ತೆನಿ ಸೆರಗನ್ನು ಗೋಡೆಗೆ ಸುಕ್ಕಿಲ್ಲದೆ ಹರಡಿ, ನೇರವಾಗಿ ಎದುರು ನಿಂತು, ಪ್ರತಿ ಲೆನ್ಸಿನಲ್ಲೂ ಅಪರ್ಚರ್ ಪೂರ್ತಿ ತೆರೆದು ಒಂದು, ಎಫ್/8ಕ್ಕೆ ಒಂದು ತೆಗೆಯಿರಿ. ಫೋಟೊವನ್ನು ನೂರು ಪರ್ಸೆಂಟ್ ದೊಡ್ಡದು ಮಾಡಿ ಮೂಲೆ ನೋಡಿ. ಕೆಂಪಿನಲ್ಲಿ ಬಿಳಿ ಹಲ್ಲು ಹಲ್ಲಾಗಿ ಸೇರುವ ಕಡೆ ನೇರಳೆಯೋ ಹಸಿರೋ ಅಂಚು ಕಾಣುತ್ತದಾ? ಒಂದು ಮೂಲೆ ಚೂಪು, ಎದುರು ಮೂಲೆ ಮಸುಕು ಇದೆಯಾ? ಎರಡನೆಯದು ಕಂಡರೆ ಆ ಲೆನ್ಸ್ ಎಲ್ಲೋ ಬಿದ್ದು ಒಳಗೆ ಅಲುಗಿರಬಹುದು. ಹಾಗೆಯೇ ಹಿಂದಿನ ಮುಚ್ಚಳ ತೆಗೆದು ಮುಂದಿನಿಂದ ಟಾರ್ಚ್ ಬಿಟ್ಟು ಫಂಗಸ್ ನೋಡಿ, ಜೇಡರ ಬಲೆಯ ಎಳೆಯ ಹಾಗೆ ಕಾಣುತ್ತದೆ.

ಉತ್ತರ (ಬೆಳಗಾವಿ)

ಅಣ್ಣ ಹೇಳಿದ್ದು ಕ್ಯಾನನ್‌ಗೆ ಪೂರ್ತಿ ಸರಿ. ನಿಕಾನ್‌ನವರು ಇದನ್ನು ಓದಿ ಹಾಗೇ ಅಂದುಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ. ನಿಕಾನ್‌ನ ಮಿರರ್‌ಲೆಸ್ ಆದ ಝಡ್ ಬಾಡಿಗೆ ಅವರದೇ ಅಡಾಪ್ಟರ್ ಎಫ್‌ಟಿಝಡ್ ಹಾಕಿದರೆ ಎಎಫ್-ಎಸ್, ಎಎಫ್-ಪಿ ಲೆನ್ಸ್‌ಗಳಲ್ಲಿ ಆಟೊಫೋಕಸ್ ನಡೆಯುತ್ತದೆ. ಎಎಫ್-ಡಿ ಲೆನ್ಸ್‌ಗಳಿಗೆ ಒಳಗೆ ಮೋಟಾರಿಲ್ಲ, ಬಾಡಿಯ ಸ್ಕ್ರೂ ತಿರುಗಿಸಿದರೆ ಫೋಕಸ್ ಆಗುತ್ತಿತ್ತು. ಎಫ್‌ಟಿಝಡ್‌ನಲ್ಲಿ ಆ ಸ್ಕ್ರೂ ಇಲ್ಲ. ಮೀಟರಿಂಗ್, ಅಪರ್ಚರ್ ಸರಿ ಇರುತ್ತವೆ, ಫೋಕಸ್ ಮಾತ್ರ ಕೈಯಲ್ಲೇ. ಗೋಕಾಕ ಜಲಪಾತಕ್ಕೆ ನನ್ನ ಎಎಫ್-ಡಿ ಈಗಲೂ ಹೋಗುತ್ತದೆ, ಅಲ್ಲಿ ಪೀಕಿಂಗ್ (ಫೋಕಸ್ ಆದ ಅಂಚಿಗೆ ಪರದೆಯಲ್ಲಿ ಬಣ್ಣ ಮೂಡುವುದು) ನೋಡಿ ನಿಧಾನಕ್ಕೆ ತಿರುಗಿಸಿದರೆ ಆಯಿತು. ಮದುವೆಗೆ ಅದು ಬೇಡ, ಅಲ್ಲಿ ಎಎಫ್-ಎಸ್ ಬೇಕೇ ಬೇಕು.

ಮತ್ತೆ, ಪ್ರಶ್ನೆ ಕೇಳಿದವರು

ಅಣ್ಣಾ, ಬಹಳ ಉಪಕಾರ ಆಯಿತು. ಹೌದು, ಹಾಕಿದ್ದು 80ಡಿಯ ಬ್ಯಾಟರಿಯೇ. ಹೊಸದು ಹಾಕಿದ ಕೂಡಲೇ ಬರ್ಸ್ಟ್ ಬೇರೆಯೇ ಆಯಿತು. ಕರೆಕ್ಷನ್ ಆಫ್ ಮಾಡಿದೆ, ಬಳೆ ಹೋಯಿತು. ಅಡಾಪ್ಟರ್ ಒರೆಸಿದ ಮೇಲೆ ಎರರ್ ಕಡಿಮೆಯಾಯಿತು, ಆದರೆ ಭಾರದ ಲೆನ್ಸ್ ಹಾಕಿ ಅಲುಗಿಸಿದರೆ ಮತ್ತೆ ಬಂತು. ಬೇರೆ ಅಡಾಪ್ಟರ್‌ಗೆ ಹೇಳಿದ್ದೇನೆ.

ಸೆರಗಿನ ಪರೀಕ್ಷೆಯಲ್ಲಿ 24-105 ಎಫ್/4ಕ್ಕೆ ಮೂಲೆಯಲ್ಲಿ ಸ್ವಲ್ಪ ಮೆತ್ತಗಿದೆ, ಎಫ್/8ಕ್ಕೆ ಎಳೆ ಎಳೆ ಎಣಿಸಬಹುದು. ಅದನ್ನು ಇಟ್ಟುಕೊಳ್ಳುತ್ತೇನೆ. 70-300ಕ್ಕೆ ಟಾರ್ಚ್ ಬಿಟ್ಟರೆ ಹಿಂದಿನ ಗಾಜಿನ ಅಂಚಿನಲ್ಲಿ ಎಳೆಗಳಿವೆ. ಸರ್ವಿಸ್‌ಗೆ ಕೊಡುವಷ್ಟು ಬೆಲೆಯ ಲೆನ್ಸ್ ಅಲ್ಲ ಅದು. ಬದಲಿಸುವುದು ಅದೊಂದನ್ನೇ ಅಂತ ತೀರ್ಮಾನಿಸಿದ್ದೇನೆ. ಆರ್‌ಎಫ್ 100-400 ಒಳ್ಳೆಯದಾ, ಇಎಫ್ 70-300 ಐಎಸ್ ಎರಡನೆಯದು ಸೆಕೆಂಡ್ ಹ್ಯಾಂಡ್ ಒಳ್ಳೆಯದಾ?

ಉತ್ತರ (ವಿಜಯಪುರ)

ಹಕ್ಕಿ ಮುಖ್ಯ ಅಂದರೆ 100-400. 80ಡಿಗೂ ಬೇಕು ಅಂದರೆ 70-300 ಐಎಸ್ ಎರಡನೆಯದು, ಅದರ ಮೋಟಾರೂ ಚುರುಕಾಗಿದೆ, 80ಡಿಯಲ್ಲಿ 480ರ ನೋಟವೂ ಉಳಿಯುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೆಯದನ್ನೇ ತೊಗೊಳ್ಳುತ್ತಿದ್ದೆ. ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ನಿಮ್ಮ ಬಾಡಿ, ಹೊಸ ಅಡಾಪ್ಟರ್, ಟಾರ್ಚ್ ಮೂರೂ ಒಯ್ಯಿರಿ. ಐಎಸ್ ಆನ್ ಮಾಡಿ 300 ಎಂಎಂನಲ್ಲಿ ಬೀದಿಯ ಕೊನೆಯ ಬೋರ್ಡ್ ಒಂದನ್ನು ತೆಗೆದು, ಅಲ್ಲೇ ದೊಡ್ಡದು ಮಾಡಿ ಅಕ್ಷರ ಓದಿ ನೋಡಿ. ಆಮೇಲೆ ದುಡ್ಡು ಕೊಡಿ.