ಪದ ಬೇಕು, ತುರ್ತು: ಫಾರ್ಸಿಯ ‘ದೆಲಮ್ ಬರಾತ್ ತಂಗ್ ಶೊದೆ’

ಬೆಂಗಳೂರಿನಿಂದ:
ಇರಾನಿನ ಕಿರುಚಿತ್ರವೊಂದಕ್ಕೆ ಕನ್ನಡ ಸಬ್‌ಟೈಟಲ್ ಮಾಡ್ತಿದೀನಿ, ಸಂಜೆ 6ಕ್ಕೆ ಫೈಲು ಹೋಗಬೇಕು. ಮಿಕ್ಕದ್ದು ಸಲೀಸು. ‘ಖಾಬಮ್ ಮಿಯಾದ್’ ಅಂದರೆ ‘ನಿದ್ದೆ ಬರ್ತಿದೆ’, ‘ಸರ್ದಮೆ’ ಅಂದರೆ ‘ಚಳಿ ಆಗ್ತಿದೆ’. ನಮ್ಮ ಚತುರ್ಥಿ ವಿಭಕ್ತಿಯ (‘ನನಗೆ’) ಹಾಗೇ ಇದೆ. ಸಿಕ್ಕಿಬಿದ್ದದ್ದು ಒಂದು ಸಾಲಿನಲ್ಲಿ. ತಾಯಿ ಫೋನಿನಲ್ಲಿ ಮಗನಿಗೆ ‘ದೆಲಮ್ ಬರಾತ್ ತಂಗ್ ಶೊದೆ’ ಅಂತಾಳೆ. ಪದಕ್ಕೆ ಪದ ಇಟ್ಟರೆ ‘ನಿನಗಾಗಿ ನನ್ನ ಹೃದಯ ಇಕ್ಕಟ್ಟಾಗಿದೆ’. ಓದಿದವರು ಆಂಬುಲೆನ್ಸ್ ಕರೀತಾರೆ. ಷಾಟು 2 ಸೆಕೆಂಡು, ಒಂದೇ ಸಾಲು ಹಿಡಿಯುತ್ತೆ. ಸದ್ಯಕ್ಕೆ ‘ನಿನ್ನ ಮಿಸ್ ಮಾಡ್ಕೊತಿದೀನಿ’ ಅಂತ ಹಾಕಿದೀನಿ. ಅರವತ್ತು ದಾಟಿದ ಹೆಂಗಸಿನ ಬಾಯಿಗೆ ಅದು ಕೂರ್ತಿಲ್ಲ.

ಮೈಸೂರಿನಿಂದ:
‘ನೀನಿಲ್ದೆ ಬೇಜಾರು ಕಣೋ’. ಇದಕ್ಕೆ ಚರ್ಚೆ ಯಾಕೆ?

ಧಾರವಾಡದಿಂದ:
ಯಾಕಂದ್ರ, ಬೇಜಾರು ಫಾರ್ಸಿಯ ‘ಬೀಜಾರ್’. ಅಲ್ಲಿ ‘ಅಜ್ ತೊ ಬೀಜಾರಮ್’ ಅಂದರೆ ‘ನಿನ್ನ ಕಂಡರ ಆಗೂದಿಲ್ಲ’ ಅಂತ. ತಾಯಿ ಪ್ರೀತಿಗೆ ಅದೇ ಪದ ಸಿಕ್ಕಿತೇನು ನಿಮಗ? ಫಾರ್ಸಿಯ ಇಂಥ ಪದಗಳು ಘಟ್ಟ ಇಳಿಯೂವಾಗ ಅರ್ಥ ಕಳಚಿಕೊಂಡು ಬಂದಾವ. ‘ಹೊಶ್ಯಾರ್’ ಅಂದರೆ ಎಚ್ಚರ ಇರುವವ. ನಮ್ಮಲ್ಲಿ ‘ಹುಷಾರಿಲ್ಲ’ ಅಂದರೆ ಜ್ವರ. ‘ದರ್ದ್’ ಅಂದರೆ ನೋವು. ನಾವು ‘ನನಗೇನು ದರ್ದು?’ ಅಂತ ಕೇಳಿ ನೋವಿಗೂ ನಮಗೂ ಸಂಬಂಧ ಇಲ್ಲದಂಗ ಮಾಡೀವಿ.

ಮೈಸೂರಿನಿಂದ:
ನೋಡುವವರು ಕನ್ನಡಿಗರು. ಅವರಿಗೆ ತೆಹ್ರಾನಿನ ಅರ್ಥ ಕಟ್ಟಿಕೊಂಡು ಏನಾಗಬೇಕು?

ಶಿವಮೊಗ್ಗದಿಂದ:
ಚತುರ್ಥಿ ಅಂದಿರಲ್ಲ, ಅಲ್ಲೇ ತಪ್ಪಿದ್ದೀರಿ. ‘ಖಾಬಮ್’ ಅಂದರೆ ‘ನನ್ನ ನಿದ್ದೆ’, ಕೊನೆಯ ‘ಅಮ್’ ಅಂದರೆ ‘ನನ್ನ’. ‘ನನಗೆ’ ಎಂಬ ವಿಭಕ್ತಿ ಅಲ್ಲಿಲ್ಲ. ‘ಖಾಬಮ್ ಬೊರ್ದ್’ನಲ್ಲಿ ಅದೇ ‘ಅಮ್’ ಕರ್ಮ: ನಿದ್ದೆ ನನ್ನನ್ನು ಹೊತ್ತುಕೊಂಡು ಹೋಯಿತು. ಕನ್ನಡಕ್ಕೆ ‘ನಿದ್ದೆ ಹತ್ತಿತು’ ಸಾಕು. ಹಸಿವಿನದು ಇನ್ನೂ ಸ್ವಾರಸ್ಯ. ಬರವಣಿಗೆಯಲ್ಲಿ ‘ಗೊರೊಸ್ನೆ ಅಮ್’, ಇಲ್ಲಿನ ‘ಅಮ್’ ಕ್ರಿಯಾಪದ: ‘ಹಸಿದಿದ್ದೇನೆ’. ತೆಹ್ರಾನಿನ ಬೀದಿಯಲ್ಲಿ ಅದೇ ‘ಗೊಶ್ನಮೆ’ ಆಗಿ ‘ಸರ್ದಮೆ’ಯ ಸಾಲಿಗೆ ಬಂದು ನಿಂತಿದೆ. ಎರಡೂ ‘ಅಮ್’ ಕಿವಿಗೆ ಒಂದೇ. ಅನುಮಾನ ಬಂದರೆ ‘ಅವನಿಗೆ’ ಹಾಕಿ ನೋಡಿ: ‘ಸರ್ದಶ್ ಅಸ್ತ್’, ಆದರೆ ‘ಗೊರೊಸ್ನೆ ಅಸ್ತ್’. ಚಳಿಗೆ ‘ಅಶ್’ ಅಂಟುತ್ತದೆ, ಹಸಿವಿಗೆ ಇಲ್ಲ. ಇನ್ನೊಂದು, ‘ಸರ್ಮಾ ಖೊರ್ದಮ್’ ಬಂದರೆ ‘ಚಳಿ ತಿಂದೆ’ ಅಂತ ಹಾಕೀರಿ ಮತ್ತೆ. ಅದು ಬರೀ ನೆಗಡಿ.

ಬೆಂಗಳೂರಿನಿಂದ:
ಸರ್, ಅದು ಹಾಕಿಬಿಟ್ಟಿದ್ದೆ. ಈಗಲೇ ತಿದ್ದಿದೆ. ತಾಯಿಯ ಸಾಲು?

ಹಾಸನದಿಂದ:
ಅಚ್ಚಗನ್ನಡದ ‘ಹಂಬಲ’ ಇರುವಾಗ ಮಿಸ್ಸೂ ಬೇಡ, ಬೇಜಾರೂ ಬೇಡ. ‘ನಿನ್ನ ಹಂಬಲವಾಗಿದೆ’.

ಮೈಸೂರಿನಿಂದ:
ಯಾವ ತಾಯಿ ಹಾಗೆ ಮಾತಾಡ್ತಾಳೆ? ಹಂಬಲ ಸರ್ಕಾರಿ ಕೆಲಸಕ್ಕೂ ಇರುತ್ತೆ.

ಬೀದರಿನಿಂದ:
ನಮ್ಮ ಕಡೆ ‘ನಿಂದೇ ಧ್ಯಾಸ ಹತ್ತೇದ’ ಅಂತಾರ್ರಿ. ಮತ್ತ, ಉರ್ದು ಬಲ್ಲವರನ್ನ ಕೇಳಿ ಮೋಸ ಹೋಗಬ್ಯಾಡ್ರಿ. ‘ತಂಗ್’ ಅಂದ್ರ ಇಲ್ಲಿ ರೋಸಿ ಹೋಗಿದ್ದು, ಪೀಡೆ. ಇರಾನದಾಗಿನ ‘ದೆಲ್‌ತಂಗೀ’ ಬ್ಯಾರೆ, ಅದು ದೂರ ಇದ್ದವರ ನೆನಪಿನ ಸಂಕಟ.

ಹಾಸನದಿಂದ:
ಧ್ಯಾಸದ ಬೇರು ಸಂಸ್ಕೃತ.

ಬೀದರಿನಿಂದ:
ಸಂಸ್ಕೃತ ಬ್ಯಾಡ, ಫಾರ್ಸಿ ಬ್ಯಾಡ, ಇಂಗ್ಲಿಷ್ ಬ್ಯಾಡ. ಹಂಗಾದ್ರ ಆ ಮುದುಕಿ ಫೋನ್ ಇಟ್ಟು ಮಲಗಲಿ. ಬಹಮನಿ ಸುಲ್ತಾನರ ವಜೀರ ಮಹಮೂದ್ ಗವಾನ ಇರಾನದ ಗಿಲಾನದಿಂದ ಬಂದು ನಮ್ಮೂರಾಗ 1472ರಾಗ ಮದರಸಾ ಕಟ್ಟಿಸ್ಯಾನ. ಅವನ ಕಾಲದ ಫಾರ್ಸಿ ಪದ ನಮ್ಮ ಬಾಯಾಗ ಇರೂದು ನಿಮಗ ಈಗ ಗೊತ್ತಾಯ್ತೇನು?

ಹಾಸನದಿಂದ:
ಕಟ್ಟಡ ಉಳಿಸಿಕೊಳ್ಳಿ. ಪದ ಉಳಿಸಿಕೊಳ್ಳಬೇಕು ಅಂತ ಯಾರು ಹೇಳಿದ್ದು?

ಧಾರವಾಡದಿಂದ:
‘ಖುಷಿ’ಯೂ ಫಾರ್ಸಿ. ಹಾಸನದವರು ಇವತ್ತಿನಿಂದ ಖುಷಿ ಪಡೂದು ಬಿಡತಾರಂತ.

ಬೆಂಗಳೂರಿನಿಂದ:
5.40 ಆಯ್ತು. ಫೋನ್ ಇಟ್ಟ ಮೇಲೆ ಕ್ಯಾಮೆರಾ ಮಗನ ಖಾಲಿ ಕೋಣೆ ತೋರಿಸುತ್ತೆ, ಅದನ್ನು ನಂಬಿ ‘ನೀನಿಲ್ದೆ ಮನೆ ಬಿಕೋ ಅಂತಿದೆ ಕಣೋ’ ಅಂತ ಕಳಿಸಿದೆ. ಎಲ್ಲರಿಗೂ ಥ್ಯಾಂಕ್ಸ್.

ಶಿವಮೊಗ್ಗದಿಂದ:
ಮೂಲದಲ್ಲಿ ಇಕ್ಕಟ್ಟು, ನಿಮ್ಮದರಲ್ಲಿ ಬಟಾಬಯಲು. ಅವಳು ಎದೆ ಅಂದಳು, ನೀವು ಮನೆ ಅಂದಿರಿ. ನಾನು ಒಪ್ಪಲಾರೆ.

ಮೈಸೂರಿನಿಂದ:
ಚೆನ್ನಾಗಿದೆ, ಬಿಡಿ.